ಬೆರಳು ಸವೆಸಿದ ಮುಖ: ಕೋಲಾರ ಚಿನ್ನದ ಗಣಿಯ ಹಳೆಯ ಫೋಟೊಗಳಲ್ಲಿ ಕುಟುಂಬದ ಚರಿತ್ರೆ

ನಮ್ಮ ಮನೆಯಲ್ಲಿ ಒಂದು ಗುಂಪು ಫೋಟೊ ಇದೆ. ಎಂಟೂವರೆ ಅಂಗುಲ ಅಗಲ, ಆರೂವರೆ ಅಂಗುಲ ಎತ್ತರ. ಕಂದು ಬಣ್ಣದ ದಪ್ಪ ರಟ್ಟಿಗೆ ಅಂಟಿಸಿದ್ದು. ರಟ್ಟಿನ ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಚಿತ್ರದಲ್ಲಿ ಮೂರು ಸಾಲು, ಇಪ್ಪತ್ತನಾಲ್ಕು ಗಂಡಸರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಏಳು ಮಂದಿ, ಬೆಂಚಿನ ಮೇಲೆ ಎಂಟು, ಹಿಂದೆ ನಿಂತವರು ಒಂಬತ್ತು. ಬೆಂಚಿನ ನಡುವೆ ಹ್ಯಾಟು ಹಾಕಿದ ಒಬ್ಬ ಯುರೋಪಿಯನ್, ಅವನ ಬಲಕ್ಕೆ ಕೋಟು ರುಮಾಲಿನ ಮೇಸ್ತ್ರಿ. ಉಳಿದವರದ್ದು ತುಂಡು ಪಂಚೆ, ತಲೆಗೆ ಸುತ್ತಿದ ಬಟ್ಟೆ, ಬರಿಗಾಲು. ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನಿಗೆ ಮುಖವಿಲ್ಲ. ತೊಗರಿಕಾಳಿನಷ್ಟು ಇದ್ದಿರಬಹುದಾದ ಆ ಮುಖದ ಜಾಗದಲ್ಲಿ ಕಾಗದದ ಬಿಳುಪು ಮಾತ್ರ ಕಾಣುತ್ತದೆ. ಪಕ್ಕದವನ ಹೆಗಲೂ ಅರ್ಧ ಅಳಿಸಿದೆ.

ಅದು ಗೆದ್ದಲಿನ ಕೆಲಸವಲ್ಲ, ನೀರಿನ ಕಲೆಯೂ ಅಲ್ಲ. ನನ್ನ ತಂದೆಯ ತಾಯಿ ಎಪ್ಪತ್ತು ವರ್ಷ ಮುಟ್ಟಿ ಮುಟ್ಟಿ ಸವೆಸಿದ ಜಾಗ ಅದು. ಅವರನ್ನು ನಾವು ಆಯಾ ಎಂದು ಕರೆಯುತ್ತಿದ್ದೆವು. ‘ಇವರೇ ನಮ್ಮಪ್ಪ’ ಎಂದು ತೋರಿಸುವಾಗೆಲ್ಲ ಅವರ ತೋರುಬೆರಳು ಅಲ್ಲಿಗೇ ಹೋಗಿ ಊರುತ್ತಿತ್ತು. ಅಪ್ಪನನ್ನು ಅವರು ಕಣ್ಣಾರೆ ಕಂಡವರಲ್ಲ. ಅವರು ಹುಟ್ಟುವುದಕ್ಕೆ ಮೂರು ತಿಂಗಳ ಮೊದಲೇ ಅಪ್ಪ ಗಣಿಯೊಳಗೆ ತೀರಿಕೊಂಡಿದ್ದರು. ಫೋಟೊದಲ್ಲಿ ಇಂಥವನೇ ಎಂದು ಅವರಿಗೆ ತೋರಿಸಿಕೊಟ್ಟವರು ಅವರ ತಾಯಿ.

ಈ ಲೇಖನ ಹೊರಟದ್ದು ಆ ಬಿಳಿ ಕಲೆಯಿಂದ. ಕೋಲಾರ ಚಿನ್ನದ ಗಣಿಯ ಕಾರ್ಮಿಕ ಕುಟುಂಬಗಳ ಚರಿತ್ರೆಯನ್ನು ಫೋಟೊಗಳ ಮೂಲಕ ಹುಡುಕುವಾಗ ರಕ್ತಸಂಬಂಧದ ಜಾಡು ಹಿಡಿದು ಹೊರಟರೆ ದಾರಿ ಬೇಗ ಮುಗಿದುಹೋಗುತ್ತದೆ. ಒಂದೇ ಮೇಸ್ತ್ರಿಯ ಕೈಕೆಳಗೆ ದುಡಿದ ಗ್ಯಾಂಗು, ಒಂದೇ ಗೋಡೆ ಹಂಚಿಕೊಂಡ ಮನೆಗಳ ಲೈನು, ಇವುಗಳ ಜಾಡು ಹಿಡಿದರೆ ದಾರಿ ಮುಂದುವರಿಯುತ್ತದೆ. ಹನ್ನೊಂದು ವರ್ಷ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಕೋರಮಂಡಲ್, ಆಂಡರ್ಸನ್‌ಪೇಟೆಗಳ ಮನೆಗಳಲ್ಲಿ ಕೂತು ಟ್ರಂಕು ತೆಗೆಸಿ ನೋಡಿದ ಮೇಲೆ ನಾನು ತಲುಪಿದ ನಿಲುವು ಇದು. ಅದಕ್ಕಿರುವ ಆಧಾರಗಳನ್ನು ಇಲ್ಲಿ ಮುಂದಿಡುತ್ತೇನೆ.

ಕಾಗದವಿಲ್ಲದವರು

ಗಣಿಯ ಹುಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್, ಮಾರಿಕುಪ್ಪಂ ಮತ್ತು ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ 1871ರಲ್ಲಿ ಈ ಕಡೆ ಬಂದ, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕು ಪಡೆದ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಆಡಳಿತಕ್ಕೆ ಬಂತು. ಚಾಂಪಿಯನ್ ಲೋಡ್ ಎಂಬ ಚಿನ್ನದ ಅದಿರಿನ ಎಳೆ ಸಿಕ್ಕಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಗಣಿಗಳು ಒಂದರ ಪಕ್ಕ ಒಂದು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1901ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 38 ಸಾವಿರ ದಾಟಿತ್ತು. ಮೂವತ್ತು ವರ್ಷ ಹಿಂದೆ ಕುರುಚಲು ಕಾಡಿದ್ದ ಜಾಗ ಅದು.

ಇಷ್ಟು ಜನ ಬಂದದ್ದು ಬಹುಮಟ್ಟಿಗೆ ಉತ್ತರ ಆರ್ಕಾಟು, ಚಿತ್ತೂರು ಕಡೆಯ ಹಳ್ಳಿಗಳಿಂದ. ಅವರಲ್ಲಿ ಹೆಚ್ಚಿನವರು ತಮಿಳು ಮಾತನಾಡುವ ದಲಿತರು. ಊರಿನಲ್ಲಿ ಅವರಿಗೆ ಹೊಲವಿರಲಿಲ್ಲ, ಆದ್ದರಿಂದ ಪಹಣಿಯಲ್ಲಿ ಹೆಸರಿರಲಿಲ್ಲ. ಕುಲದ ಚರಿತ್ರೆ ಬರೆದಿಡುವ ಕರಣಿಕ ಅವರ ಕೇರಿಗೆ ಬಂದವನಲ್ಲ. ಹೆಳವರು ಎತ್ತಿನ ಮೇಲೆ ಕೂತು ಬಂದು ವಂಶದ ಹೆಸರುಗಳನ್ನು ಹೇಳಿಹೋಗುವ ಭಾಗ್ಯ ನಮ್ಮ ಒಕ್ಕಲು ಮನೆತನಗಳಿಗೆ ಇದ್ದಂತೆ ಇವರಿಗಿರಲಿಲ್ಲ. ಗಣಿಗೆ ಬಂದ ಮೇಲೆ ಸಿಕ್ಕಿದ್ದು ಒಂದು ನಂಬರು, ಆ ನಂಬರು ಕೆತ್ತಿದ ಲೋಹದ ಬಿಲ್ಲೆ. ಮುನಿಸಾಮಿ, ಪೆರುಮಾಳ್, ಚಿನ್ನಪ್ಪ ಎಂಬ ಹೆಸರುಗಳು ಒಂದೊಂದು ಲೈನಿನಲ್ಲೂ ಹತ್ತಾರು ಇದ್ದವು. ಮನೆತನದ ಹೆಸರೆಂಬುದು ಇಲ್ಲ, ತಂದೆಯ ಹೆಸರಿನ ಮೊದಲಕ್ಷರವೂ ಎಲ್ಲರಿಗೂ ಇಲ್ಲ. 1930ರಲ್ಲಿ ಕಾರ್ಮಿಕರನ್ನು ಬೆರಳಚ್ಚು ಒತ್ತಿಸಿ ನೋಂದಾಯಿಸುವ ಪದ್ಧತಿ ತರಲು ಹೊರಟಾಗ ಗಣಿಯಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ಜಗತ್ತನ್ನು ಅರಿಯಲು ಇಂದಿಗೂ ಮೊದಲು ಓದಬೇಕಾದ ಪುಸ್ತಕ. ನಾನು ಹೇಳುತ್ತಿರುವುದು ಅದರ ಅಂಚಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ: ಲೆಕ್ಕಕ್ಕೆ ಮಾತ್ರ ಸಿಗುತ್ತಿದ್ದ ಈ ಜನ ತಮ್ಮನ್ನು ತಾವು ಕಾಪಿಟ್ಟುಕೊಂಡ ದಾಖಲೆ ಯಾವುದಾದರೂ ಇದ್ದರೆ ಅದು ಫೋಟೊ.

ಎರಡು ಬಗೆಯ ಫೋಟೊಗಳು

ಗಣಿಯ ಹಳೆಯ ಫೋಟೊಗಳಲ್ಲಿ ಕಂಪನಿ ತೆಗೆಸಿದ್ದು, ಮನೆಯವರು ತೆಗೆಸಿದ್ದು ಎಂದು ಎರಡು ಬಗೆ. ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ನಾವು ನೋಡುವುದೆಲ್ಲ ಮೊದಲ ಬಗೆಯದು. ಶಾಫ್ಟಿನ ಮೇಲಿನ ಗೋಪುರ, ಅದಿರು ಕುಟ್ಟುವ ಗಿರಣಿ, ಎಂಜಿನ್ ಮನೆ, ಗಾಲ್ಫ್ ಆಡುವ ಮೈದಾನ, ಕ್ಲಬ್ಬು. ಅವುಗಳಲ್ಲಿ ಕಾರ್ಮಿಕ ಇರುವುದು ಯಂತ್ರ ಎಷ್ಟು ದೊಡ್ಡದು ಎಂದು ತೋರಿಸುವುದಕ್ಕೆ. ಅಡಿಯಲ್ಲಿ ಯಂತ್ರದ ಹೆಸರಿರುತ್ತದೆ, ಮನುಷ್ಯನದಿರುವುದಿಲ್ಲ. ಬಹಳವೆಂದರೆ ‘ಕೂಲಿಗಳು’ ಎಂದಿರುತ್ತದೆ. ಅದಿರು ಆರಿಸುವ, ಮಣ್ಣು ಹೊರುವ ಹೆಂಗಸರೂ ಈ ಬಗೆಯ ಚಿತ್ರಗಳಲ್ಲೇ ಹೆಚ್ಚಾಗಿ ಕಾಣುತ್ತಾರೆ. ಮೇಲ್ಗಡೆ ಕೆಲಸ ಮಾಡುತ್ತಿದ್ದ ನಮ್ಮ ಮುತ್ತಜ್ಜಿಯರನ್ನು ದುಡಿಯುವ ಭಂಗಿಯಲ್ಲಿ ನೋಡಬೇಕಿದ್ದರೆ ಕಂಪನಿಯ ಆಲ್ಬಮ್ಮಿಗೇ ಹೋಗಬೇಕು. ಮನೆಯ ಫೋಟೊದಲ್ಲಿ ಅವರು ಕುರ್ಚಿಯ ಮೇಲೆ ಕೈ ಊರಿ, ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಕಂಪನಿಯ ಚಿತ್ರಗಳ ಪಕ್ಕದಲ್ಲೇ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಖಾಸಗಿ ಆಲ್ಬಮ್ಮುಗಳನ್ನು ಇಡಬೇಕು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರ ಮತ್ತು ತಾಮ್ರದ ಗಣಿಗಳು ಕುಸಿದಾಗ ಅಲ್ಲಿನ ಗಣಿಗರು ಪ್ರಪಂಚದ ಮೂಲೆಮೂಲೆಗೆ ಹೋದರು, ಇಲ್ಲಿಗೂ ಬಂದರು. ಅವರ ಬಂಗಲೆಗಳು, ತೋಟ, ಚಳಿ ಹವೆ ಎಲ್ಲ ಸೇರಿ ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೇ ಬಿತ್ತು. ಆ ಆಲ್ಬಮ್ಮುಗಳು ಈಗ ಕಾರ್ನ್‌ವಾಲಿನಲ್ಲಿವೆ, ಆಸ್ಟ್ರೇಲಿಯಾದಲ್ಲಿವೆ. ಮೊಮ್ಮಕ್ಕಳು ತೆಗೆದು ಕಳಿಸಿದ ಪ್ರತಿಗಳನ್ನು ನಾನು ನೋಡಿದ್ದೇನೆ. ವರಾಂಡದಲ್ಲಿ ಬಿಳಿ ಫ್ರಾಕಿನ ಮಗು, ಮಗುವನ್ನು ಎತ್ತಿಕೊಂಡ ಕಪ್ಪು ಹೆಂಗಸು. ಅಡಿಯಲ್ಲಿ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಅದರ ಮುಂದೆ ‘ಮತ್ತು ಆಯಾ’. ಉತ್ತರ ಆರ್ಕಾಟಿನ ತಮಿಳಿನಲ್ಲಿ ಆಯಾ ಎಂದರೆ ಅಜ್ಜಿ. ನಾನು ಹುಟ್ಟಿದಾಗಿನಿಂದ ಬಾಯ್ತುಂಬ ಕರೆದ ಪದ. ಆ ಪದವನ್ನು ಹೆಸರಿನ ಜಾಗದಲ್ಲಿ ಮೊದಲ ಸಲ ಓದಿದ ದಿನ ನನಗೆ ಕೆಲಸ ಮುಂದುವರಿಸಲಾಗಲಿಲ್ಲ. ಆ ಹೆಂಗಸಿಗೂ ಲೈನಿನಲ್ಲಿ ಮೊಮ್ಮಕ್ಕಳಿದ್ದರು, ಅವರ ಮನೆಯಲ್ಲಿ ಆಕೆಯ ಒಂದು ಚಿತ್ರವೂ ಇಲ್ಲದಿರಬಹುದು, ಸಾವಿರಾರು ಮೈಲಿ ದೂರದ ಒಂದು ಮನೆಯಲ್ಲಿ ಇದೆ. ಅಂಥ ಪುಟಗಳನ್ನು ಲೈನಿನ ಹಿರಿಯರ ಮುಂದಿಟ್ಟಾಗ ಎರಡು ಸಲ ಹೆಸರು ಸಿಕ್ಕಿದೆ. ಎರಡು ಸಲವೂ ಗುರುತು ಹಿಡಿದದ್ದು ಸೊಸೆಯಂದಿರು. ಒಮ್ಮೆ ಕಿವಿಯ ಓಲೆಯಿಂದ, ಇನ್ನೊಮ್ಮೆ ಸೀರೆ ಸಿಕ್ಕಿಸಿದ ರೀತಿಯಿಂದ.

ಮನೆಯ ಫೋಟೊಗಳಲ್ಲಿ ಸಂಶೋಧಕನಿಗೆ ಎಲ್ಲಕ್ಕಿಂತ ಹೆಚ್ಚು ದಕ್ಕುವುದು ಸಾವಿನ ಫೋಟೊ. ತೀರಿಕೊಂಡವರನ್ನು ಸ್ನಾನ ಮಾಡಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಸುತ್ತ ಬಂಧುಗಳೆಲ್ಲ ನಿಂತು ತೆಗೆಸಿಕೊಳ್ಳುವ ಚಿತ್ರ. ಇದನ್ನು ನೋಡಲು ಅನೇಕರಿಗೆ ಇಷ್ಟವಾಗುವುದಿಲ್ಲ. ಮನೆಯವರೂ ಗೋಡೆಗೆ ಹಾಕದೆ ಟ್ರಂಕಿನ ತಳದಲ್ಲಿ ಇಡುತ್ತಾರೆ. ಆದರೆ ಮದುವೆಗೆ ಬಾರದವರೂ ಸಾವಿಗೆ ಬರುತ್ತಾರೆ. ಊರಿನಿಂದ ಬಂದ ದಾಯಾದಿಗಳು, ಬೇರೆ ಗಣಿಯಲ್ಲಿದ್ದ ಅಳಿಯಂದಿರು, ಮುನಿಸಿಕೊಂಡು ದೂರವಿದ್ದ ತಮ್ಮ, ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ಅಲ್ಲಿ ಮಾತ್ರ. ಸತ್ತ ದಿನ ಎಲ್ಲರಿಗೂ ನೆನಪಿರುವುದರಿಂದ ಕಾಲನಿರ್ಣಯವೂ ಸುಲಭ. ತಲೆಯ ಹತ್ತಿರ ಯಾರು, ಕಾಲಿನ ಹತ್ತಿರ ಯಾರು, ಯಾರ ತಲೆ ಬೋಳಿಸಿದೆ ಎಂಬುದೇ ಸಂಬಂಧವನ್ನು ಹೇಳುತ್ತದೆ.

ಸಾವಿನ ಫೋಟೊದಷ್ಟು ನೆಚ್ಚಬಾರದ್ದು ದೊಡ್ಡದು ಮಾಡಿಸಿದ ಫೋಟೊ. ಗುರುತಿನ ಚೀಟಿಯ ಸಣ್ಣ ಚಿತ್ರವನ್ನು, ಇಲ್ಲವೇ ಗುಂಪು ಫೋಟೊದಿಂದ ಒಂದು ಮುಖವನ್ನು ಎತ್ತಿ, ಸ್ಟುಡಿಯೊದ ಚಿತ್ರಗಾರ ದೊಡ್ಡದು ಮಾಡಿ ಬಣ್ಣ ತುಂಬುತ್ತಿದ್ದ. ಬಯಸಿದರೆ ಕೋಟು, ಟೈ, ಜರಿ ಸೀರೆ ಬರೆದುಕೊಡುತ್ತಿದ್ದ. ಕೋಟು ನೋಡಿ ‘ನಮ್ಮ ತಾತ ಕ್ಲರ್ಕಾಗಿದ್ದರು’ ಎಂದು ನಂಬಿಕೊಂಡ ಮೂರು ಮನೆಗಳನ್ನು ನಾನು ಬಲ್ಲೆ. ಭೂತಗನ್ನಡಿ ಹಿಡಿದರೆ ಕತ್ತಿನ ಬಳಿ ಕುಂಚದ ಗೆರೆ ಕಾಣುತ್ತದೆ. ನಾನು ಅದನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ. ಬರಿಮೈಯಲ್ಲಿ ಭೂಮಿಯೊಳಗೆ ದುಡಿದು ಸತ್ತವನಿಗೆ ಮಕ್ಕಳು ಸಾಲ ಮಾಡಿ ತೊಡಿಸಿದ ಕೋಟು ಅದು. ತಾತನ ಉಡುಪಿಗೆ ಅದು ದಾಖಲೆಯಲ್ಲ, ಮಕ್ಕಳ ಮನಸ್ಸಿಗೆ ದಾಖಲೆ. ವರ್ಗೀಕರಿಸುವಾಗ ಹಾಗೆ ಬರೆದುಕೊಳ್ಳಬೇಕು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಮನೆಗಳಲ್ಲಿ ಅಂಡರ್‌ಗ್ರೌಂಡಿನ ಫೋಟೊ ಇಲ್ಲ. ಚಾಂಪಿಯನ್ ರೀಫ್ ಗಣಿ ಕೊನೆಗೆ ನೆಲಮಟ್ಟದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬದುಕಿನ ಬಹುಪಾಲು ಅಲ್ಲಿ ಕಳೆದವರ ಮನೆಯಲ್ಲಿ ಆ ಆಳದ ಒಂದು ಚಿತ್ರವಿಲ್ಲ. 1965ರಲ್ಲಿ ಅದೇ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ನಿಯಾನ್ ಕೊಳವೆಗಳಲ್ಲಿ ಹೊಳೆಯುವ ಮಿಂಚನ್ನು ಕ್ಯಾಮೆರಾ ಫಿಲ್ಮಿನ ಮೇಲೆ ಹಿಡಿದದ್ದೇ ಆ ಪ್ರಯೋಗದ ಸಾಕ್ಷ್ಯ. ಕಣ್ಣಿಗೆ ಕಾಣದ ಕಣದ ಜಾಡು ಆ ಕತ್ತಲೆಯಲ್ಲಿ ಫೋಟೊ ಆಗಿ ಉಳಿಯಿತು ಎಂದು ನೆನೆದಾಗ, ಅದೇ ಕತ್ತಲೆಯಲ್ಲಿ ಡ್ರಿಲ್ ಹಿಡಿದು ನಿಂತವರ ಮುಖಗಳಿಗಾಗಿ ಮನಸ್ಸು ಹಂಬಲಿಸುತ್ತದೆ.

ಹಿನ್ನೆಲೆಯಿಂದ ಕಾಲ

ಫೋಟೊ ಕೈಗೆ ಬಂದಾಗ ಮನೆಯವರು ಮುಖ ನೋಡುತ್ತಾರೆ. ನಾನು ಮೊದಲು ಮುಖಗಳನ್ನು ಒಂದು ಕಾಗದದಿಂದ ಮುಚ್ಚಿ ಹಿಂದೆ ಏನಿದೆ ಎಂದು ನೋಡುವುದನ್ನು ರೂಢಿಸಿಕೊಂಡೆ. ಈ ಊರಿನ ಹಿನ್ನೆಲೆ ಅಷ್ಟು ಮಾತನಾಡುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಚಿತ್ರದಲ್ಲಿ ಪಿಂಗಾಣಿ ಬಟ್ಟಲುಗಳಿರುವ ವಿದ್ಯುತ್ ಕಂಬ ಇದ್ದರೆ ಅದು ಆ ದಿನದ ನಂತರದ್ದು. ಅದಕ್ಕೆ ಮೊದಲಿನ ಚಿತ್ರಗಳಲ್ಲಿ ಉಗಿಯಂತ್ರದ ಚಿಮಣಿಗಳೇ ಚಿಮಣಿಗಳು, ಸೌದೆಯ ರಾಶಿಗಳೇ ರಾಶಿಗಳು. ಕೈಯಲ್ಲಿರುವ ದೀಪವೂ ಕಾಲ ಹೇಳುತ್ತದೆ: ಮೊದಲು ಮೇಣದ ಬತ್ತಿ, ಇಪ್ಪತ್ತನೆಯ ಶತಮಾನ ಹುಟ್ಟಿದ ಮೇಲೆ ಕಾರ್ಬೈಡ್ ದೀಪ, ಆಮೇಲೆ ಸೊಂಟಕ್ಕೆ ಬ್ಯಾಟರಿ ಕಟ್ಟಿ ಹಣೆಗೆ ಏರಿಸಿದ ವಿದ್ಯುತ್ ದೀಪ.

ನನಗೆ ಬಹಳ ನೆರವಾದದ್ದು ಸೈನೈಡ್ ಗುಡ್ಡ. ಅದಿರನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಮಣ್ಣನ್ನು ವರ್ಷಗಟ್ಟಲೆ ಸುರಿದು ಸುರಿದು ಎದ್ದ ಬೂದು ದಿಬ್ಬಗಳಿವು. ಗಾಳಿಗೆ ಅವುಗಳ ಧೂಳು ಇಂದಿಗೂ ಊರಿನ ಮೇಲೆ ಕೂರುತ್ತದೆ. ಸಿನಿಮಾದವರಿಗೆ ಅವು ಹೊರಲೋಕದಂತೆ ಕಂಡವು. ನಮಗೆ ಅವು ಪಂಚಾಂಗ. ಗುಡ್ಡ ಒಂದೇ ಸಮನೆ ಬೆಳೆಯುತ್ತ ಹೋಗುವುದರಿಂದ ಒಂದೇ ಜಾಗದಿಂದ ತೆಗೆದ ಎರಡು ಚಿತ್ರಗಳಲ್ಲಿ ಯಾವುದು ಮೊದಲಿನದು ಎಂದು ಗುಡ್ಡದ ನೆತ್ತಿ ನೋಡಿ ಹೇಳಬಹುದು. ಚರ್ಚಿನ ಮುಂದೆ ತೆಗೆಸಿದ ಮದುವೆಯ ಫೋಟೊಗಳ ತಾರೀಖು ರಿಜಿಸ್ಟರಿನಲ್ಲಿರುತ್ತದೆ. ಅವುಗಳ ಹಿಂದೆ ಕಾಣುವ ಗುಡ್ಡವನ್ನು ಅಳತೆಗೋಲು ಮಾಡಿಕೊಂಡು, ತಾರೀಖಿಲ್ಲದ ಚಿತ್ರಗಳನ್ನು ನಡುನಡುವೆ ಸೇರಿಸುತ್ತ ಹೋದೆ. ಹೀಗೆ ಒಂದೇ ಕಡೆಯ ನಲವತ್ತಕ್ಕೂ ಹೆಚ್ಚು ಫೋಟೊಗಳು ಸಾಲಿಗೆ ಬಂದವು.

ರಟ್ಟು, ಕಾಗದ, ಹಿಂಬದಿ ಇವುಗಳನ್ನೂ ಬಿಡಬಾರದು. ಅಂಚು ಅಲೆಅಲೆಯಾಗಿ ಕತ್ತರಿಸಿದ ಸಣ್ಣ ಪ್ರತಿಗಳು ಹೆಚ್ಚಾಗಿ ಐವತ್ತರ, ಅರವತ್ತರ ದಶಕದವು. ಹಿಂದೆ ಪೆನ್ಸಿಲಿನಲ್ಲಿ ಬರೆದ ಅಂಕಿ ಕೆಲವೊಮ್ಮೆ ಸ್ಟುಡಿಯೊದ ಲೆಕ್ಕ, ಕೆಲವೊಮ್ಮೆ ಕಾರ್ಮಿಕನ ಬಿಲ್ಲೆಯ ನಂಬರು. ಬಿಲ್ಲೆಯ ನಂಬರಾದರೆ ಅದನ್ನು ಸಂಬಳದ ಚೀಟಿಯ ಜೊತೆ, ಪ್ರಾವಿಡೆಂಟ್ ಫಂಡಿನ ಕಾಗದದ ಜೊತೆ ಹೋಲಿಸಬಹುದು. ಫೋಟೊವನ್ನು ಸ್ಕ್ಯಾನ್ ಮಾಡುವವರು ಹಿಂಬದಿಯನ್ನೂ ಮಾಡಬೇಕೆಂದು ನಾನು ಎಲ್ಲ ಕಡೆ ಹೇಳುತ್ತ ಬಂದಿದ್ದೇನೆ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಯಾರೂ ಕಿತ್ತು ತೆಗೆಯಬಾರದು, ಮುಖವೆಲ್ಲ ಗಾಜಿನ ಜೊತೆ ಹೋಗುತ್ತದೆ. ಲ್ಯಾಮಿನೇಷನ್ ಮಾಡಿಸಿ ಹಾಳಾದ ಫೋಟೊಗಳ ಸಂಖ್ಯೆ ಗೆದ್ದಲು ತಿಂದವುಗಳಿಗಿಂತ ಕಡಿಮೆಯೇನಲ್ಲ.

ಇಷ್ಟನ್ನೂ ನಮ್ಮ ಗುಂಪು ಫೋಟೊಗೆ ಹಚ್ಚಿ ನೋಡಿದೆ. ಎಡಗಡೆ ತಗಡಿನ ಗೋಡೆಯ ಆಚೆ ವಿದ್ಯುತ್ ಕಂಬವಿದೆ. ಮುಂದಿನ ಸಾಲಿನ ಇಬ್ಬರ ಮುಂದೆ ಕಾರ್ಬೈಡ್ ದೀಪಗಳಿವೆ. ಬಲಗಡೆ ತಗಡಿನ ಸೂರಿನ ಮೇಲೆ ಗುಡ್ಡದ ನೆತ್ತಿ ಒಂದು ಗೇಣು ಎದ್ದಿದೆ. ನನ್ನ ಸಾಲಿನಲ್ಲಿ ಅದು ಇಪ್ಪತ್ತರ ದಶಕದ ಕೊನೆಗೆ ಹೊಂದುತ್ತದೆ. ಆಯಾ ಹುಟ್ಟಿದ್ದು ಬೆರಳಚ್ಚಿನ ಮುಷ್ಕರದ ವರ್ಷ ಎಂದು ಅವರ ತಾಯಿ ಹೇಳುತ್ತಿದ್ದರು. ಎಂದರೆ ಅವರಪ್ಪ ತೀರಿಕೊಳ್ಳುವ ಮುಂಚಿನ ಎರಡು ಮೂರು ವರ್ಷಗಳ ಒಳಗೆ ತೆಗೆದ ಚಿತ್ರ. ಕಾಲ ಕೂಡಿಬಂತು. ಮುಖ ಮಾತ್ರ ಇಲ್ಲ.

ಗ್ಯಾಂಗು ಮತ್ತು ಲೈನು

ಗಣಿಗೆ ಜನರನ್ನು ತಂದವರು ಮೇಸ್ತ್ರಿಗಳು, ಗುತ್ತಿಗೆದಾರರು. ಮೇಸ್ತ್ರಿ ತನ್ನ ಊರಿಗೆ, ಅಕ್ಕಪಕ್ಕದ ಊರುಗಳಿಗೆ ಹೋಗಿ ಮುಂಗಡ ಕೊಟ್ಟು ಕರೆತರುತ್ತಿದ್ದ. ಹಾಗಾಗಿ ಒಂದು ಗ್ಯಾಂಗೆಂದರೆ ಒಂದೆರಡು ಹಳ್ಳಿಗಳ ಜನ. ಅವರಿಗೆ ಒಟ್ಟಿಗೆ ಒಂದು ಲೈನಿನಲ್ಲಿ ಗೂಡು ಸಿಗುತ್ತಿತ್ತು. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ. ಒಂದು ಮನೆಯ ಕೆಮ್ಮು ಮೂರನೆಯ ಮನೆಗೆ ಕೇಳುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಕಲ್ಲಿನ ಧೂಳು ಕುಡಿದ ಎದೆಗಳ ಕೆಮ್ಮು ಅದು. ಗಂಡ ಗಣಿಯಲ್ಲಿ ಸತ್ತರೆ ಹೆಂಡತಿ ಮಕ್ಕಳು ಮನೆ ಬಿಡಬೇಕಾಗಿತ್ತು, ಇಲ್ಲವೇ ಗ್ಯಾಂಗಿನವರಲ್ಲಿ ಯಾರಾದರೂ ತಮ್ಮ ಗೂಡಿನೊಳಗೆ ಸೇರಿಸಿಕೊಳ್ಳಬೇಕಾಗಿತ್ತು. ಸೇರಿಸಿಕೊಂಡರು. ಆಯಾ ಬೆಳೆದದ್ದು ಹಾಗೆ ಸೇರಿಸಿಕೊಂಡವರ ಮನೆಯಲ್ಲಿ. ಆ ಮನೆಯ ಗಂಡಸನ್ನು ಅವರು ಕೊನೆಯವರೆಗೂ ‘ಪೆರಿಯಪ್ಪ’, ಎಂದರೆ ದೊಡ್ಡಪ್ಪ, ಎಂದೇ ಹೇಳುತ್ತಿದ್ದರು. ವಂಶವೃಕ್ಷ ಬರೆಯಲು ಕೂತ ನಾನು ಎಷ್ಟೋ ದಿನ ಆ ಪೆರಿಯಪ್ಪನನ್ನು ಮುತ್ತಜ್ಜನ ಅಣ್ಣನೆಂದು ಬರೆದುಕೊಂಡು, ಅವರಿಬ್ಬರಿಗೂ ಒಬ್ಬ ತಂದೆಯನ್ನು ಹುಡುಕುತ್ತಿದ್ದೆ. ಅಂಥ ತಂದೆ ಇರಲಿಲ್ಲ. ಅವರು ಒಂದೇ ಗ್ಯಾಂಗಿನವರು, ಅಷ್ಟೆ.

ಆಮೇಲೆ ಹುಡುಕುವ ರೀತಿಯನ್ನೇ ಬದಲಿಸಿದೆ. ವಂಶದವರು ಎಲ್ಲಿದ್ದಾರೆ ಎಂದು ಕೇಳುವುದನ್ನು ಬಿಟ್ಟು, ಆ ಲೈನಿನವರು ಈಗ ಎಲ್ಲಿದ್ದಾರೆ ಎಂದು ಕೇಳತೊಡಗಿದೆ. ಕೇಳುವುದು ಸುಲಭ, ತಲುಪುವುದು ಕಷ್ಟ. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಆ ನೆಲದ ಮಕ್ಕಳು ಈಗ ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುತ್ತಾರೆ. ನಾನು ವಿಚಾರಿಸಿದ್ದೆಲ್ಲ ಆ ರೈಲಿನಲ್ಲೇ. ನಮ್ಮ ಫೋಟೊದ ಪ್ರತಿಯನ್ನು ಕೈಯಲ್ಲಿ ಹಿಡಿದು ಎರಡು ವರ್ಷ ಅದರಲ್ಲಿ ಓಡಾಡಿದೆ.

ಎರಡನೆಯ ಪ್ರತಿ ಸಿಕ್ಕಿದ್ದು ಬೆಂಗಳೂರಿನ ಕೃಷ್ಣರಾಜಪುರದ ಒಂದು ಬಾಡಿಗೆ ಮನೆಯಲ್ಲಿ. ಅದರ ಹಿಂದೆ ತಮಿಳಿನಲ್ಲಿ ಗುಡಿಯಾತ್ತಂ ಹತ್ತಿರದ ಒಂದು ಹಳ್ಳಿಯ ಹೆಸರು, ಒಂದು ನಂಬರು. ಇದೂ ನಮ್ಮದೂ ಒಂದೇ ಗಾಜಿನ ನೆಗೆಟಿವಿನಿಂದ ಬಂದವು ಎಂಬುದಕ್ಕೆ ಎರಡರಲ್ಲೂ ಬಲಮೇಲಿನ ಮೂಲೆಯಲ್ಲಿ ಕೂದಲೆಳೆಯಂಥ ಗೀರು ಒಂದೇ ಕಡೆ ಇದೆ. ಆ ಪ್ರತಿಯಲ್ಲೂ ಒಂದು ಬಿಳಿ ಕಲೆ ಇತ್ತು. ಆದರೆ ನಮ್ಮ ಜಾಗದಲ್ಲಲ್ಲ. ಮುಂದಿನ ಸಾಲಿನ ಕೊನೆಯವನ ಮುಖದ ಮೇಲೆ. ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ‘ನಮ್ಮ ತಾತ. ನಮ್ಮಮ್ಮ ದಿನಾ ದೀಪ ಹಚ್ಚಿ ಮುಟ್ಟಿ ಕಣ್ಣಿಗೊತ್ತಿಕೊಳ್ತಿದ್ದರು’ ಎಂದರು. ಮೂರನೆಯದು ಆಂಡರ್ಸನ್‌ಪೇಟೆಯ ಒಂದು ಕ್ರೈಸ್ತ ಕುಟುಂಬದಲ್ಲಿತ್ತು. ಅಲ್ಲಿ ಯಾರ ಮುಖವೂ ಸವೆದಿಲ್ಲ. ಅದರ ಬದಲು ಮೂವರ ಎದೆಯ ಮೇಲೆ ನೀಲಿ ಶಾಯಿಯಲ್ಲಿ ಸಣ್ಣ ಶಿಲುಬೆ ಬರೆದಿದೆ. ಮನೆಯ ಸೊಸೆ, ಅವರಿಗೂ ಈಗ ಎಪ್ಪತ್ತಾರು, ಮಾವನಿಂದ ಕೇಳಿದ್ದನ್ನು ಹೇಳಿದರು: ‘ಈ ಮೂವರೂ ಕೇಜಿನಲ್ಲಿ ಇಳಿದರು, ಮೇಲೆ ಬರಲಿಲ್ಲ.’ ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನ ಎದೆಯ ಮೇಲೆ ಶಿಲುಬೆ ಇತ್ತು. ನಮ್ಮ ಮುತ್ತಜ್ಜ ಕ್ರೈಸ್ತರಲ್ಲ, ಮಾರಿಯಮ್ಮನ ಒಕ್ಕಲು. ಗ್ಯಾಂಗಿನ ಗೆಳೆಯನಿಗೆ ತಿಳಿದಿದ್ದ ದುಃಖದ ಗುರುತು ಅದೊಂದೇ ಇದ್ದಿರಬೇಕು, ಹಾಕಿದ್ದ.

ಶಿಲುಬೆಯ ಮೇಲೆ ಮುಖವಿತ್ತು. ಭೂತಗನ್ನಡಿ ಹಿಡಿದೆ. ಗಾಜಿನ ನೆಗೆಟಿವನ್ನು ನೇರವಾಗಿ ಕಾಗದಕ್ಕೊತ್ತಿ ಮಾಡಿದ ಪ್ರತಿಯಾದ್ದರಿಂದ ರೆಪ್ಪೆಯವರೆಗೂ ಕಾಣುತ್ತಿತ್ತು. ಎಡ ಹುಬ್ಬನ್ನು ಸೀಳಿದ ಒಂದು ಗಾಯದ ಗುರುತು. ಮೀಸೆ ಇನ್ನೂ ಬಲಿತಿಲ್ಲ. ಕ್ಯಾಮೆರಾ ನೋಡದೆ ಬಲಕ್ಕೆ, ಮೇಸ್ತ್ರಿಯ ತಲೆಯಾಚೆ ಏನನ್ನೋ ನೋಡುತ್ತಿದ್ದಾರೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ನನ್ನ ಮಗನಿಗಿಂತ ಚಿಕ್ಕವರು. ಆಯಾ 2009ರಲ್ಲಿ ತೀರಿಕೊಂಡರು. ಕಣ್ಣು ಮಂಜಾದ ಕೊನೆಯ ವರ್ಷಗಳಲ್ಲಿ ಅವರು ತೋರಿಸುತ್ತಿದ್ದದ್ದು ಬರಿಯ ಬಿಳುಪನ್ನು. ಅವರ ಮನೆಯಿಂದ ಎರಡು ಮೈಲಿ ಆಚೆ, ಒಂದು ಕಬ್ಬಿಣದ ಟ್ರಂಕಿನಲ್ಲಿ, ಅವರಪ್ಪ ಹಾಗೇ ಇದ್ದರು.

ಒಂದು ಮನೆಯ ಪ್ರತಿಯಲ್ಲಿ ಅಳಿದದ್ದು ಇನ್ನೊಂದು ಮನೆಯ ಪ್ರತಿಯಲ್ಲಿ ಉಳಿಯುವುದಕ್ಕೆ ಕಾರಣ ಸರಳವಾದದ್ದು. ಪ್ರತಿಯೊಂದು ಮನೆಯೂ ತನ್ನವನನ್ನು ಮಾತ್ರ ಮುಟ್ಟುತ್ತದೆ. ಸವೆತ ಎಲ್ಲಿದೆ ಎಂಬುದೇ ಫೋಟೊ ಯಾರ ಮನೆಯದು ಎಂದು ಹೇಳುತ್ತದೆ; ಸವೆದ ಮುಖ ಬೇಕಾದರೆ ಗ್ಯಾಂಗಿನ ಇನ್ನೊಬ್ಬರ ಮನೆಗೆ ಹೋಗಬೇಕು. ಇದೇ ಬಗೆಯಲ್ಲಿ ಬೇರೆ ನಾಲ್ಕು ಗುಂಪು ಫೋಟೊಗಳ ಪ್ರತಿಗಳನ್ನು ಜೋಡಿಸಿ ನೋಡಿದ್ದೇನೆ, ಅವುಗಳಲ್ಲಿ ಮೂರರಲ್ಲಿ ಹೀಗೇ ಆಗಿದೆ. ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಹೊಸದು ಮಾಡಿಕೊಡುವವರು ಮೊದಲು ತುಂಬುವುದು ಈ ಬಿಳಿ ಕಲೆಗಳನ್ನು. ನಾನು ಬೇಡವೆನ್ನುತ್ತೇನೆ. ಮೂಲ ಪ್ರತಿಯನ್ನು ಕಲೆಯ ಸಮೇತ ಇಟ್ಟುಕೊಂಡು, ಪಕ್ಕದಲ್ಲಿ ಇನ್ನೊಂದು ಮನೆಯ ಪ್ರತಿಯನ್ನು ಇಟ್ಟುಕೊಳ್ಳಬೇಕು.

ನಮ್ಮ ಫೋಟೊದ ಇಪ್ಪತ್ತನಾಲ್ಕು ಮಂದಿಯಲ್ಲಿ ಒಂಬತ್ತು ಮಂದಿಯ ಹೆಸರು ಈಗ ಗೊತ್ತಾಗಿದೆ. ಹಿಂಬದಿಯ ನಂಬರಿನಿಂದ ಒಬ್ಬರು, ಸಂಬಳದ ಚೀಟಿಯಿಂದ ಇಬ್ಬರು, ಉಳಿದವರು ಮೂರು ಮನೆಗಳ ಹಿರಿಯರ ಬಾಯಿಂದ. ಪೆರಿಯಪ್ಪ ಮುತ್ತಜ್ಜನ ಪಕ್ಕದಲ್ಲೇ ನಿಂತಿದ್ದಾರೆ, ಆಯಾ ಬೆರಳಿಗೆ ಅರ್ಧ ಹೆಗಲು ಕಳೆದುಕೊಂಡವರು ಅವರೇ.

ಕಳೆದ ಜನವರಿಯಲ್ಲಿ ನಮ್ಮ ಪ್ರತಿಯನ್ನು ಕೃಷ್ಣರಾಜಪುರಕ್ಕೆ ತೆಗೆದುಕೊಂಡು ಹೋದೆ. ಅದರಲ್ಲಿ ಮುಂದಿನ ಸಾಲಿನ ಕೊನೆಯವರ ಮುಖ ಪೂರ್ತಿ ಇದೆ: ಅಗಲ ಹಣೆ, ಕಿವಿಯಲ್ಲಿ ಕಡುಕು, ಸ್ವಲ್ಪ ತೆರೆದ ಬಾಯಿ. ಮುಟ್ಟಿದರೆ ಹಾಳಾಗಬಾರದೆಂದು ಮೇಲೆ ಪಾರದರ್ಶಕ ಹಾಳೆ ಹೊದಿಸಿದ್ದೆ. ಹಿರಿಯರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಆ ಮುಖದ ಮೇಲೆ ಬೆರಳಿಟ್ಟು, ಬೆರಳನ್ನು ಕಣ್ಣಿಗೊತ್ತಿಕೊಂಡರು. ನಾನು ತಡೆಯಲಿಲ್ಲ.